ಜ್ಯೋತಿ ಎಂಬ ನಿಲುಗಡೆ

ಮಂಗಳೂರಿನ ಸಿಟಿ ಬಸ್ಸಿನಲ್ಲಿ ಹಂಪನಕಟ್ಟೆ ದಾಟಿ ಬಲ್ಮಠದ ಕಡೆಗೆ ಹೋಗುವವರು ಒಂದು ಕೂಗನ್ನು ಕೇಳದೆ ಇರಲಾರರು. 'ಜ್ಯೋತಿ, ಜ್ಯೋತಿ! ಯಾರು ಜ್ಯೋತಿ?' ಎಂದು ಕಂಡಕ್ಟರು ಕೂಗುತ್ತಾನೆ. ನಾಲ್ಕಾರು ಮಂದಿ ಇಳಿಯುತ್ತಾರೆ. ಆ ವೃತ್ತಕ್ಕೆ ಡಾಕ್ಟರ್ ಅಂಬೇಡ್ಕರರ ಹೆಸರನ್ನು ಇಟ್ಟು ಎಷ್ಟೋ ವರ್ಷಗಳಾದವು. ಕಾಗದಪತ್ರಗಳಲ್ಲಿ ಆ ಹೆಸರೇ ಇದೆ, ಇರಬೇಕಾದದ್ದೂ ಅದೇ. ಆದರೆ ಜನರ ನಾಲಗೆಗೆ ಒಮ್ಮೆ ಹತ್ತಿದ ಹೆಸರು ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ಇಳಿಯುವವರಲ್ಲಿ ಹೆಚ್ಚಿನವರು ಆಸ್ಪತ್ರೆಗೆ ಹೋಗುವವರು, ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು. ಜ್ಯೋತಿ ಎಂಬುದೊಂದು ಟಾಕೀಸು, ಅಲ್ಲಿ ದಿನಕ್ಕೆ ಇಷ್ಟು ಆಟಗಳು ನಡೆಯುತ್ತಿದ್ದುವು, ಚೀಟಿಗಾಗಿ ಜನ ಬೆವರಿಳಿಸಿಕೊಂಡು ನಿಲ್ಲುತ್ತಿದ್ದರು ಎಂಬುದನ್ನು ನೆನೆಯುವವರು ಅವರಲ್ಲಿ ಎಷ್ಟು ಮಂದಿಯೋ! ಟಾಕೀಸಿನಲ್ಲಿ ಆಟ ನಿಂತಿತು. ಹೆಸರು ಮಾತ್ರ ನಿಂತಿಲ್ಲ.

ಇದು ಜ್ಯೋತಿಯೊಂದರ ಭಾಗ್ಯವಲ್ಲ. ರಥಬೀದಿಯ ಕಡೆಯಲ್ಲಿ 'ನ್ಯೂ ಚಿತ್ರಾ' ಎಂದರೆ ಇಂದಿಗೂ ಒಂದು ಕೂಡುರಸ್ತೆಯ ಹೆಸರು. ಬೆಂಗಳೂರಿನಲ್ಲಂತೂ 'ಮೆಜೆಸ್ಟಿಕ್' ಎಂಬ ಟಾಕೀಸಿನ ಹೆಸರು ಒಂದು ಪೇಟೆಯನ್ನೇ ನುಂಗಿ, ಬಸ್ ನಿಲ್ದಾಣವನ್ನೂ ನುಂಗಿ ಕುಳಿತಿದೆ. ಹಳ್ಳಿಯಿಂದ ಬರುವ ರೈತನಿಗೂ ಮೆಜೆಸ್ಟಿಕ್ ಗೊತ್ತು, ಅಲ್ಲಿ ಆ ಹೆಸರಿನ ಚಿತ್ರಮಂದಿರವೊಂದಿತ್ತೆಂಬುದು ಗೊತ್ತಿಲ್ಲ. ನಾನು ಬಾಳಿನ ಬಹುಭಾಗವನ್ನು ಬ್ಯಾಂಕಿನ ಮೇಜಿನ ಹಿಂದೆ ಕಳೆದವನು. ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ಬ್ಯಾಂಕುಗಳ ಕಥೆ ಇದಕ್ಕೆ ತೀರ ತಿರುಗುಮುರುಗು. ವಿಜಯಾ ಬ್ಯಾಂಕು 2019ರಲ್ಲಿ, ಕಾರ್ಪೊರೇಷನ್ ಬ್ಯಾಂಕು 2020ರಲ್ಲಿ ಬೇರೆ ಬ್ಯಾಂಕುಗಳೊಡನೆ ಸೇರಿಹೋದುವು. ಕಟ್ಟಡ ಅದೇ, ಕಪಾಟು ಅದೇ, ಗುಮಾಸ್ತರೂ ಅವರೇ. ಹೆಸರಿನ ಹಲಗೆ ಮಾತ್ರ ಬೇರೆ. ಹಣವನ್ನು ಕಾಪಾಡಿದವರ ಹೆಸರಿಗಿಂತ ಹಣವನ್ನು ಖರ್ಚು ಮಾಡಿಸಿದವರ ಹೆಸರನ್ನು ಜನ ಹೆಚ್ಚು ನೆನೆಯುತ್ತಾರೆ. ಇದು ನ್ಯಾಯವೇ ಎಂದು ಕೇಳಿದರೆ, ಬ್ಯಾಂಕಿನವನಾದ ನನಗೂ ನ್ಯಾಯವೆಂದೇ ತೋರುತ್ತದೆ.

ನಮ್ಮ ಮನೆ ಬೋಳಾರದಲ್ಲಿ. ಊರಿನ ತೆಂಕಣ ಅಂಚಿನಲ್ಲಿ, ಮಂಗಳಾದೇವಿಯ ಗುಡಿಯಿಂದ ಹೊಳೆಯ ಕಡೆಗೆ ಇಳಿಯುವ ಬೀದಿಗಳ ಸೀಮೆ ಅದು. ನೇತ್ರಾವತಿಯ ದಡದಲ್ಲಿ ಸಾಲಾಗಿ ಹಂಚಿನ ಕಾರ್ಖಾನೆಗಳ ಎತ್ತರದ ಚಿಮಣಿಗಳು. ಬಾಸೆಲ್ ಮಿಶನ್ನಿನವರು 1865ರಲ್ಲಿ ಪಕ್ಕದ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆಯನ್ನು ತೆರೆದ ಮೇಲೆ ಆ ದಂಡೆಯ ಮಣ್ಣೇ ಅಲ್ಲಿನವರ ಅನ್ನವಾಯಿತು. ನನ್ನ ತಂದೆಯವರು ಅಂಥದೊಂದು ಕಾರ್ಖಾನೆಯಲ್ಲಿ ಆವಿಗೆಯ ಕೆಲಸಕ್ಕಿದ್ದರು. ತಾಯಿ ಬೀಡಿ ಕಟ್ಟುತ್ತಿದ್ದಳು. ಮಧ್ಯಾಹ್ನದ ಗಂಜಿಯಾದ ಮೇಲೆ ನೆರೆಯ ಹೆಂಗಸರೆಲ್ಲ ನಮ್ಮ ಜಗಲಿಯಲ್ಲಿ ಸೇರುವರು. ಮಡಿಲಲ್ಲಿ ತಡ್ಪೆ, ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಕೈ ಬೀಡಿ ಸುತ್ತುತ್ತಿರುವಾಗ ಬಾಯಿ ಊರಿನ ಸುದ್ದಿಯನ್ನು ಸುತ್ತುವುದು. ಆ ಜಗಲಿಯಲ್ಲಿ ತುಳುವೇ ಮಾತು. ಕ್ರಿಸ್ತರ ಮನೆಯವರು ತಮ್ಮೊಳಗೆ ಕೊಂಕಣಿ ಆಡುವರು, ಬ್ಯಾರಿ ಹೆಂಗಸರು ತಮ್ಮೊಳಗೆ ಬ್ಯಾರಿ. ಆದರೆ ತಡ್ಪೆಗಳು ಒಂದೆಡೆ ಸೇರಿದವೆಂದರೆ ಎಲ್ಲರಿಗೂ ತುಳು. ಕನ್ನಡವೆಂಬುದು ಶಾಲೆಯಲ್ಲಿ, ಕಚೇರಿಯಲ್ಲಿ, ಬೀಡಿ ಬ್ರಾಂಚಿನ ಲೆಕ್ಕದ ಪುಸ್ತಕದಲ್ಲಿ ಇದ್ದ ಭಾಷೆ.

ಶನಿವಾರ ಬ್ರಾಂಚಿಗೆ ಬೀಡಿ ಒಪ್ಪಿಸಿ ಲೆಕ್ಕ ಚುಕ್ತವಾದ ಮೇಲೆ, ಎರಡು ಮೂರು ತಿಂಗಳಿಗೊಮ್ಮೆ, ತಾಯಿಗೆ ಸಿನೆಮಾದ ಹಂಬಲ ಹುಟ್ಟುತ್ತಿತ್ತು. ತಂದೆಯವರಿಗೆ ಅದು ಸೇರದು. ಅವರು ಯಕ್ಷಗಾನದವರು. ನಮ್ಮ ಬೋಳಾರ ನಾರಾಯಣ ಶೆಟ್ಟರ ವೇಷವಿದೆ ಎಂದರೆ ಎಷ್ಟು ಮೈಲಿಯಾದರೂ ನಡೆದು, ರಾತ್ರಿಯಿಡೀ ಗದ್ದೆಯಲ್ಲಿ ಕುಳಿತು, ಬೆಳಗ್ಗೆ ನೇರವಾಗಿ ಕಾರ್ಖಾನೆಗೆ ಹೋಗಬಲ್ಲವರು. 'ಬಟ್ಟೆಯ ಮೇಲೆ ಕುಣಿಯುವ ನೆರಳಿಗೆ ದುಡ್ಡು ಕೊಡುವುದೆ?' ಎಂಬುದು ಅವರ ವಾದ. ಹೀಗಾಗಿ ತಾಯಿಯ ಜೊತೆಗೆ ಹೋಗುವ ಪುಣ್ಯ ನನ್ನದಾಯಿತು. ಮಂಗಳಾದೇವಿಯ ಮುಂದೆ ಕೈಮುಗಿದು, ಮಾರ್ನಮಿಕಟ್ಟೆ, ಅತ್ತಾವರ ದಾಟಿ, ಹಂಪನಕಟ್ಟೆಯ ಜನಸಂದಣಿಯನ್ನು ಸೀಳಿಕೊಂಡು ನಡೆದೇ ಹೋಗುವುದು. ಬಸ್ಸಿನ ದುಡ್ಡು ಉಳಿದರೆ ವಿರಾಮದಲ್ಲಿ ಚಟ್ಟಂಬಡೆಗೆ ಆಗುತ್ತದೆ ಎಂಬ ಲೆಕ್ಕ. ನಾನು ಕಲಿತ ಮೊದಲ ಬ್ಯಾಂಕಿಂಗ್ ಅದೇ ಇರಬೇಕು.

ಊರಿನಲ್ಲಿ ಟಾಕೀಸುಗಳಿಗೆ ಬರವಿರಲಿಲ್ಲ. ರೂಪವಾಣಿ, ಸೆಂಟ್ರಲ್, ನ್ಯೂ ಚಿತ್ರಾ ಹೀಗೆ ಒಂದೊಂದಕ್ಕೂ ಒಂದೊಂದು ಬಗೆಯ ಭಕ್ತವೃಂದ. ತಾಯಿಗೆ ಮಾತ್ರ ಜ್ಯೋತಿಯೇ ಆಗಬೇಕು. ಕಾರಣ ಕೇಳಿದರೆ 'ಹೆಸರು ಚೆಂದ' ಎನ್ನುವಳು. ದೀಪದ ಹೆಸರಿನ ಮನೆಯಲ್ಲಿ ದೀಪ ಆರಿಸಿದ ಮೇಲೆಯೇ ಆಟ ಶುರುವಾಗುವುದು ಅವಳಿಗೆ ಬಲು ತಮಾಷೆಯಾಗಿ ಕಾಣುತ್ತಿತ್ತು. ನಾವು ಕೂರುತ್ತಿದ್ದುದು ಮುಂದಿನ, ಅಗ್ಗದ ದರ್ಜೆಯಲ್ಲಿ. ಹಿಂದೆ ಕುರ್ಚಿಯವರು, ಮೇಲೆ ಬಾಲ್ಕನಿಯವರು. ಜೀವನದಲ್ಲಿ ದುಡ್ಡು ಕೊಟ್ಟವನು ಮುಂದೆ ಕೂರುತ್ತಾನೆ. ಟಾಕೀಸಿನಲ್ಲಿ ಮಾತ್ರ ಬಡವನೇ ಮುಂದೆ. ಮುಖಗಳು ಬೆಟ್ಟದಷ್ಟು ದೊಡ್ಡವಾಗಿ ಮೈಮೇಲೆ ಬೀಳುವಂತೆ ಕಾಣುತ್ತಿದ್ದುವು. ಅಷ್ಟು ಹತ್ತಿರದಿಂದ ವೀರರನ್ನು ನೋಡಿದವರು ಬಾಲ್ಕನಿಯಲ್ಲಿ ಒಬ್ಬರೂ ಇರಲಾರರು ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದುಂಟು.

ಆಟಕ್ಕೆ ಮೊದಲು ಫಿಲ್ಮ್ಸ್ ಡಿವಿಜನ್ನಿನ ವಾರ್ತಾಚಿತ್ರ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಸರಕಾರ ಆ ಸಂಸ್ಥೆಯನ್ನು ಸ್ಥಾಪಿಸಿದ ಮೇಲೆ ದೇಶದ ಪ್ರತಿಯೊಂದು ಟಾಕೀಸಿನವನೂ ಅದನ್ನು ತೋರಿಸಲೇಬೇಕಾಗಿತ್ತು. ಎಲ್ಲಿಯೋ ಪ್ರವಾಹ, ಎಲ್ಲಿಯೋ ಅಣೆಕಟ್ಟು, ಯಾರೋ ಮಂತ್ರಿಗಳು ಗುದ್ದಲಿ ಹಿಡಿದು ಒಂದೇ ಒಂದು ಹೆಂಟೆ ಮಣ್ಣು ಎತ್ತುವುದು. 'ಇವರಿಗೆ ಸಂಬಳ ದಿನಗೂಲಿಯೋ, ತಿಂಗಳದೋ?' ಎಂದು ತಾಯಿ ಒಮ್ಮೆ ಕೇಳಿದ್ದಳು. ಆಟ ಮುಗಿದ ಮೇಲೆ ರಾಷ್ಟ್ರಗೀತೆ. ಬಾಗಿಲಿನತ್ತ ಧಾವಿಸುತ್ತಿದ್ದವರು ಅರ್ಧ ದಾರಿಯಲ್ಲಿ ಕಲ್ಲಾಗಿ ನಿಂತುಬಿಡುವ ಆ ದೃಶ್ಯವನ್ನು ಈಗಿನವರಿಗೆ ವರ್ಣಿಸಿ ತಿಳಿಸುವುದು ಕಷ್ಟ.

ಮಳೆಗಾಲದ ಆಟಗಳ ಸೊಗಸೇ ಬೇರೆ. ಮಂಗಳೂರಿನ ಮಳೆ ಮಾತಿಗೆ ಎಡೆ ಕೊಡುವ ಮಳೆಯಲ್ಲ. ಆಷಾಢದಲ್ಲಿ ಮಾಡಿನ ಮೇಲೆ ಅದು ಬಿದ್ದಿತೆಂದರೆ ನಾಯಕ ನಾಯಕಿಯರು ತುಟಿ ಆಡಿಸುವುದಷ್ಟೇ ಕಾಣುವುದು. ವಾಕ್ಚಿತ್ರ ಮತ್ತೆ ಮೂಕಿಚಿತ್ರವಾಗುವುದು. ಆಗ ಮಾತ್ರ ಟಾಕೀಸಿನೊಳಗೆ ಪೂರ್ಣ ಸಮಾನತೆ. ಭಾಷೆ ಬಲ್ಲವನಿಗೂ ಬಾರದವನಿಗೂ ಒಂದೇ ಸ್ಥಿತಿ.

ಏಕೆಂದರೆ ಉಳಿದ ದಿನಗಳಲ್ಲಿ ಆ ಸಮಾನತೆ ಇರಲಿಲ್ಲ. ನಾನು ಹೇಳಹೊರಟ ಮುಖ್ಯ ಸಂಗತಿ ಇದು. ಪರದೆಯ ಮೇಲೆ ಹಿಂದಿ ಬರುತ್ತಿತ್ತು, ತಮಿಳು ಬರುತ್ತಿತ್ತು, ಮಲಯಾಳ ಬರುತ್ತಿತ್ತು, ಕನ್ನಡ ಬರುತ್ತಿತ್ತು. ಬೆಳಗಿನ ಆಟಕ್ಕೆ ಇಂಗ್ಲಿಷೂ ಬರುತ್ತಿತ್ತು. ಟಾಕೀಸಿನ ಒಳಗೆ ಕುಳಿತವರಲ್ಲಿ ಬಹುಮಂದಿ ಮನೆಯಲ್ಲಿ ಆಡುತ್ತಿದ್ದ ತುಳು ಮಾತ್ರ ಬರುತ್ತಿರಲಿಲ್ಲ. ನನ್ನ ತಾಯಿಗೆ ಓದು ಬಾರದು. ಕನ್ನಡ ಕಿವಿಗೆ ಬಿದ್ದರೆ ಸ್ಥೂಲವಾಗಿ ಅರ್ಥವಾಗುತ್ತಿತ್ತು. ಆದರೆ ಪೌರಾಣಿಕ ಚಿತ್ರಗಳ ಆ ಗಟ್ಟಿಗನ್ನಡ, ಒಂದೇ ಉಸಿರಿಗೆ ಸುರಿಯುವ ಸಮಾಸಗಳು ಅವಳ ಕೈಗೆ ಹತ್ತುತ್ತಿರಲಿಲ್ಲ. ಹಿಂದಿಯಂತೂ ದೂರವೇ ಉಳಿಯಿತು. ಆದ್ದರಿಂದ ಚಿತ್ರ ಶುರುವಾದ ಮರುಕ್ಷಣವೇ ಅವಳ ಮೊಣಕೈ ನನ್ನ ಪಕ್ಕೆಗೆ ತಾಗುವುದು.

'ಮಗಾ, ಆಯೆ ದಾದ ಪಂಡೆ?'

ಅವನು ಏನೆಂದ ಎಂದು ಪ್ರಶ್ನೆ. ಏಳೆಂಟು ವರ್ಷದ ನಾನು ಆ ಕತ್ತಲೆಯಲ್ಲಿ ಭಾಷಾಂತರಕಾರನಾದೆ. ಕನ್ನಡ ಶಾಲೆಯದು, ಹಿಂದಿ ರೇಡಿಯೋ ಹಾಡುಗಳದು, ಬೀದಿಯದು, ತಮಿಳು, ಮಲಯಾಳಗಳು ಊಹೆಯವು. ಪರದೆಯ ಮೇಲೆ ಎರಡು ನಿಮಿಷದ ಮಾತು ನಡೆದರೆ ನನ್ನ ತುಳು ಅನುವಾದ ಎರಡೇ ಪದಗಳಲ್ಲಿ ಮುಗಿಯುವುದು: 'ಬರುವುದಿಲ್ಲವಂತೆ', 'ಮದುವೆಯಂತೆ', 'ಸತ್ತನಂತೆ'. ತಾಯಿ ಅಷ್ಟಕ್ಕೇ ಅಳುವಳು. ಆ ಕಣ್ಣೀರಿನಲ್ಲಿ ನಟರ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಈಗ ಭಾಗ ಮಾಡಹೊರಟರೆ ತೀರ್ಮಾನವಾಗದು. ಹಿಂದಿನ ಬೆಂಚಿನವರು 'ಶ್' ಎನ್ನುವರು. ನಾನು ಇನ್ನಷ್ಟು ತಗ್ಗಿದ ದನಿಯಲ್ಲಿ ಅನುವಾದಿಸುವೆನು. ನಮ್ಮಂತೆ ಪಿಸುಗುಟ್ಟುವ ಜೋಡಿಗಳು ಆ ಕತ್ತಲೆಯಲ್ಲಿ ಇನ್ನೂ ಹಲವು ಇದ್ದುವು. ಎಲ್ಲಿಯೋ ಅಜ್ಜಿಗೆ ಮೊಮ್ಮಗಳು, ಎಲ್ಲಿಯೋ ಅತ್ತೆಗೆ ಸೊಸೆ. ಒಂದು ಚಿತ್ರ ಪರದೆಯ ಮೇಲೆ ಓಡುತ್ತಿದ್ದರೆ, ಅದರದೇ ಹತ್ತಾರು ತುಳು ಚಿತ್ರಗಳು ಬೆಂಚುಗಳ ಮೇಲೆ ಓಡುತ್ತಿದ್ದುವು. ಒಂದಕ್ಕೊಂದು ಹೋಲಿಕೆಯಿದ್ದಿತೋ ಇಲ್ಲವೋ!

ಒಂದೇ ಒಂದು ಪರಭಾಷೆಯ ಚಿತ್ರದಲ್ಲಿ ನನಗೆ ಕೆಲಸ ಕಡಮೆಯಾಯಿತು. ಅದು 1965ರ 'ಚೆಮ್ಮೀನ್'. ಮಲಯಾಳವಾದರೇನು, ಕಡಲು ಅದೇ ಕಡಲು. ದೋಣಿ, ಬಲೆ, ಮೀನಿನ ಬುಟ್ಟಿ, ಗಂಡ ಕಡಲಿನಿಂದ ಬರುವವರೆಗೆ ಕಾಯುವ ಹೆಂಡತಿ. ಅದು ನಮ್ಮ ಊರಿಗೆ ಬಂದಾಗ ನಾನು ತೀರ ಚಿಕ್ಕವನು. ತಾಯಿ ಪ್ರಶ್ನೆ ಕೇಳುವುದನ್ನು ಬಿಟ್ಟು ತಾನೇ ನನಗೆ ಹೇಳತೊಡಗಿದ್ದಳು, ಈಗ ಹೀಗಾಗುತ್ತದೆ ನೋಡು, ಈಗ ಹಾಗಾಗುತ್ತದೆ ನೋಡು ಎಂದು.

ಬೆಳಕು ಬರುತ್ತಿದ್ದ ಕಡೆಗೂ ನನಗೊಂದು ದಾರಿ ಇತ್ತು. ನಮ್ಮ ಬೀದಿಯ ಕೊನೆಯ ಮನೆಯವರೊಬ್ಬರು ಪೇಟೆಯ ಒಂದು ಟಾಕೀಸಿನಲ್ಲಿ ಯಂತ್ರ ನಡೆಸುವ ಕೆಲಸದಲ್ಲಿದ್ದರು. ಬೀದಿಯ ಮಕ್ಕಳಿಗೆಲ್ಲ ಅವರು 'ಆಪರೇಟರಣ್ಣ'. ಬಿಡುವಿನ ಬೆಳಗ್ಗೆ ಒಂದೆರಡು ಸಲ ನನ್ನನ್ನು ಅವರು ಯಂತ್ರದ ಕೋಣೆಗೆ ಕರೆದೊಯ್ದುದುಂಟು. ಅಡುಗೆಮನೆಗಿಂತ ಬಿಸಿ, ಹೊಗೆಗೂಡಿಗಿಂತ ಕಪ್ಪು. ಎರಡು ಯಂತ್ರಗಳು ಅಕ್ಕಪಕ್ಕ. ಒಂದೊಂದರ ಹೊಟ್ಟೆಯೊಳಗೂ ಎರಡು ಇದ್ದಿಲು ಕಡ್ಡಿಗಳು ಎದುರುಬದುರಾಗಿ, ಮೂತಿಗೆ ಮೂತಿ ತಾಗದಷ್ಟು ಹತ್ತಿರ. ವಿದ್ಯುತ್ತನ್ನು ಹಾಯಿಸಿ ಒಮ್ಮೆ ತಾಗಿಸಿ ಬಿಡಿಸಿದರೆ ನಡುವಿನ ಆ ಕಿರಿದಾದ ಎಡೆಯಲ್ಲಿ ಸೂರ್ಯನೇ ಹುಟ್ಟಿದಂತೆ ಬೆಳಕು. ಹಿಂದಿನ ಕನ್ನಡಿ ಆ ಬೆಳಕನ್ನು ಒಟ್ಟುಮಾಡಿ ಫಿಲ್ಮಿನ ಮೇಲೆ ಎಸೆಯುತ್ತದೆ. ಕಡ್ಡಿಗಳು ಉರಿದುರಿದು ಸವೆಯುತ್ತವೆ. ಸವೆದಷ್ಟೂ ಮುಂದೆ ತಳ್ಳುತ್ತಿರಬೇಕು. ತಳ್ಳಲು ಮರೆತರೆ ಪರದೆ ಹಳದಿಯಾಗುತ್ತದೆ, ಕೆಳಗಿನಿಂದ ಸಿಳ್ಳೆ ಏಳುತ್ತದೆ.

ಒಂದು ಸುರುಳಿಗೆ ಹೆಚ್ಚೆಂದರೆ 2,000 ಅಡಿ ಫಿಲ್ಮು. ಸೆಕೆಂಡಿಗೆ 24 ಚಿತ್ರಗಳ ಓಟದಲ್ಲಿ ಅದು 22 ನಿಮಿಷಕ್ಕೆ ಮುಗಿದುಹೋಗುತ್ತದೆ. ಅಷ್ಟರೊಳಗೆ ಇನ್ನೊಂದು ಯಂತ್ರದಲ್ಲಿ ಮುಂದಿನ ಸುರುಳಿ ಸಿದ್ಧವಾಗಿರಬೇಕು. ಪರದೆಯ ಬಲಮೂಲೆಯ ಮೇಲ್ಗಡೆ ಒಂದು ಚುಕ್ಕೆ ಮಿಂಚಿ ಮಾಯವಾಗುವುದು. ಆಗ ಎರಡನೆಯ ಯಂತ್ರವನ್ನು ಓಡಿಸಬೇಕು. ಕೆಲವೇ ಸೆಕೆಂಡುಗಳಲ್ಲಿ ಇನ್ನೊಂದು ಚುಕ್ಕೆ. ಆ ಕ್ಷಣದಲ್ಲಿ ಇದರ ಕಣ್ಣು ಮುಚ್ಚಿ ಅದರ ಕಣ್ಣು ತೆರೆಯಬೇಕು. 'ನಾಯಕಿ ಅತ್ತರೂ ನಾನು ನೋಡುವುದಿಲ್ಲ, ನಕ್ಕರೂ ನೋಡುವುದಿಲ್ಲ. ನಾನು ನೋಡುವುದು ಚುಕ್ಕೆಯನ್ನು' ಎಂದು ಆಪರೇಟರಣ್ಣ ಹೇಳುತ್ತಿದ್ದರು. ಒಂದೇ ಚಿತ್ರವನ್ನು ನೂರು ಸಲ ತೋರಿಸಿಯೂ ಅದರ ಕಥೆ ಕೇಳಿದರೆ ಅವರಿಗೆ ಹೇಳಲು ಬರುತ್ತಿರಲಿಲ್ಲ. ಅಂದಿನಿಂದ ನನಗೂ ಆ ಚುಕ್ಕೆಯ ಪಿಡುಗು ಅಂಟಿಕೊಂಡಿತು. ಎಂಥ ಕರುಣರಸದ ನಡುವೆಯೂ ಕಣ್ಣು ಬಲಮೂಲೆಗೇ ಓಡುವುದು.

ಹಳೆಯ ಕಾಲದ ಫಿಲ್ಮು ಸಿಡಿಮದ್ದಿನ ಒಡಹುಟ್ಟು ಎಂದೂ ಅವರೇ ಹೇಳಿದ್ದು. ನೈಟ್ರೇಟ್ ಫಿಲ್ಮಿಗೆ ಕಿಡಿ ತಾಗಿದರೆ ನೀರಿನಲ್ಲಿ ಮುಳುಗಿಸಿದರೂ ಆರದೆ ಉರಿಯುವುದು. 1950ರ ದಶಕದ ಮೊದಲಲ್ಲಿ ಅದರ ತಯಾರಿಕೆ ನಿಂತು, ಸುಲಭವಾಗಿ ಹೊತ್ತಿಕೊಳ್ಳದ ಫಿಲ್ಮು ಬಂದಿತಾದರೂ, ಕೋಣೆಯ ದಪ್ಪ ಗೋಡೆ, ಕಬ್ಬಿಣದ ಬಾಗಿಲು, ಮರಳಿನ ಬಕೆಟ್ಟುಗಳು ಹಳೆಯ ಭಯವನ್ನು ಹಾಗೆಯೇ ಉಳಿಸಿಕೊಂಡಿದ್ದುವು. ಹರಿದ ಫಿಲ್ಮನ್ನು ಕೆರೆದು, ಅಂಟು ಹಚ್ಚಿ ಕೂಡಿಸುವಾಗ ಬಿದ್ದ ತುಂಡುಗಳು ನಮ್ಮ ಪಾಲಿಗೆ. ಕೆಟ್ಟ ಬಲ್ಬಿನ ಹೊಟ್ಟೆಗೆ ನೀರು ತುಂಬಿ, ಕನ್ನಡಿಯಿಂದ ಬಿಸಿಲನ್ನು ಒಳಗೆ ಹಾಯಿಸಿ, ಅಡುಗೆಮನೆಯ ಗೋಡೆಯ ಮೇಲೆ ನಾವೂ ಟಾಕೀಸು ನಡೆಸಿದೆವು. ಓಡದ ಚಿತ್ರ, ಆಡದ ಚಿತ್ರ. ಆದರೆ ಪ್ರವೇಶಕ್ಕೆ ಎರಡು ಹುಣಿಸೆಬೀಜ ಕೊಡಲೇಬೇಕಾಗಿತ್ತು.

ನಮ್ಮ ಜಿಲ್ಲೆಗೆ ಚಲಚ್ಚಿತ್ರ ಹೊಸತೇನಲ್ಲ. ಶಿವರಾಮ ಕಾರಂತರು ವಾಕ್ಚಿತ್ರ ಇನ್ನೂ ಕನ್ನಡಕ್ಕೆ ಬಾರದಿದ್ದ ಕಾಲದಲ್ಲಿಯೇ 'ಡೊಮಿಂಗೊ', 'ಭೂತರಾಜ್ಯ' ಎಂಬ ಮೂಕಿಚಿತ್ರಗಳನ್ನು ತೆಗೆದ ಸಾಹಸಿಗರು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಕೊಂಕಣಿಗೆ 1950ರಲ್ಲಿ ಗೋವೆಯಿಂದ 'ಮೋಗಾಚೊ ಆಂವ್ಡೊ' ಬಂದಿತು. ತುಳುವಿಗೆ ತನ್ನದೇ ರಂಗವಿರಲಿಲ್ಲವೆಂದಲ್ಲ. ನಾಟಕಗಳಿದ್ದುವು, ಡೇರೆ ಮೇಳಗಳು ತುಳು ಪ್ರಸಂಗಗಳನ್ನು ಆಡಿ ಚೀಟಿ ಮಾರಿ ಜನರನ್ನು ಸೇರಿಸುತ್ತಿದ್ದುವು. ಆದರೆ ಡೇರೆ ಕಿತ್ತುಕೊಂಡು ಹೋಗುವಂಥದು; ಟಾಕೀಸು ಕಲ್ಲುಗಾರೆಯದು. ಪೇಟೆಯ ನಡುವೆ ಅಷ್ಟು ದೊಡ್ಡ ಕಟ್ಟಡದೊಳಗೆ, ಅಷ್ಟು ದೊಡ್ಡ ಮುಖಗಳ ಬಾಯಲ್ಲಿ ಬರುವ ಮಾತೆಂದರೆ ಅದು ದೊಡ್ಡವರ ಮಾತೇ ಇರಬೇಕೆಂದು ಜಗಲಿಯ ಹೆಂಗಸರು ಪ್ರಶ್ನೆಯಿಲ್ಲದೆ ಒಪ್ಪಿಕೊಂಡಿದ್ದರು. ನಾನು ಕಲಿತ ಶಾಲೆಯಲ್ಲಿ ತರಗತಿಯೊಳಗೆ ತುಳು ಆಡಿದವನಿಗೆ ದಂಡವಿತ್ತು. ಮನೆಯ ಮಾತು ಮನೆಯೊಳಗೇ ಇರತಕ್ಕದ್ದು ಎಂಬ ಪಾಠವನ್ನು ಶಾಲೆ ಬಾಯಿಬಿಟ್ಟು ಹೇಳಿದರೆ, ಟಾಕೀಸು ಹೇಳದೆಯೇ ಹೇಳುತ್ತಿತ್ತು.

1971ರ ಫೆಬ್ರವರಿ ತಿಂಗಳು. ಎತ್ತಿನ ಗಾಡಿಯೊಂದು ಎರಡು ಬದಿಗೂ ಭಿತ್ತಿಪತ್ರಗಳ ತಟ್ಟಿ ಕಟ್ಟಿಕೊಂಡು ಡೋಲು ಬಡಿಯುತ್ತ ಬೋಳಾರದ ಬೀದಿಗೂ ಬಂದಿತು. ಹಿಂದೆ ಓಡಿ ಒಂದು ಕರಪತ್ರ ಹಿಡಿದು ತಂದೆ. ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಓದಿದೆ: 'ಎನ್ನ ತಂಗಡಿ'. ಕನ್ನಡ ಲಿಪಿ, ಮಾತು ನಮ್ಮದು. 'ನನ್ನ ತಂಗಿ' ಎಂದು ಅರ್ಥ ಹೇಳಬೇಕಾದ ಅಗತ್ಯ ಆ ಜಗಲಿಯಲ್ಲಿ ಯಾರಿಗೂ ಇರಲಿಲ್ಲ. ಎಸ್. ಆರ್. ರಾಜನ್ನರು ನಿರ್ದೇಶಿಸಿದ ಮೊದಲ ತುಳು ಚಲಚ್ಚಿತ್ರ. ಬೀಡಿ ಕಟ್ಟುವ ಕೈಗಳೆಲ್ಲ ಒಮ್ಮೆಲೇ ನಿಂತುವು. ಯಾರೋ ಒಬ್ಬರು, 'ಹಾಡೂ ತುಳುವೇ?' ಎಂದು ನಂಬಿಕೆ ಬಾರದೆ ಕೇಳಿದರು.

ಆ ಸಲ ಹೋದದ್ದು ನಾವಿಬ್ಬರೇ ಅಲ್ಲ. ಇಡಿಯ ಜಗಲಿಯೇ ಎದ್ದು ಹೊರಟಿತು. ಟಾಕೀಸಿನ ಮೆಟ್ಟಿಲು ಹತ್ತದಿದ್ದ ಮುದುಕಿಯರೂ ಇದ್ದರು. ಎಲ್ಲರಿಗಿಂತ ಹೆಚ್ಚಿನ ಬೆರಗೆಂದರೆ, ನನ್ನ ತಂದೆಯವರೂ ಇದ್ದರು. 'ನೋಡೋಣ, ನೆರಳು ಹೇಗೆ ತುಳು ಆಡುತ್ತದೆಂದು' ಎಂದರು. ಜ್ಯೋತಿಯ ಮುಂದೆ ಜನವೋ ಜನ. ನೂಕುನುಗ್ಗಲಿನಲ್ಲಿ ಚೀಟಿ ಕೈಗೆ ಬಂದು ಒಳಗೆ ಸೇರಿದಾಗ ತಾಯಿಯ ಮುಡಿಯ ಮಲ್ಲಿಗೆ ಅರ್ಧ ಉದುರಿಹೋಗಿತ್ತು.

ದೀಪ ಆರಿತು. ಕಪ್ಪುಬಿಳುಪು ಚಿತ್ರ. ಕಥೆಯನ್ನು ಹೇಳುವುದು ನನ್ನ ಉದ್ದೇಶವಲ್ಲ. ಪರದೆಯ ಮೇಲಿನವರು ಬಾಯಿ ತೆರೆದು ಮೊದಲ ಮಾತನ್ನಾಡಿದಾಗ ಮುಂದಿನ ದರ್ಜೆಯಿಂದ ಹಿಂದಿನ ಕುರ್ಚಿಯವರೆಗೆ ಒಂದು ನಗು ಹಾಯ್ದುಹೋಯಿತು. ನಗುವಂಥ ಮಾತೇನೂ ಅದಾಗಿರಲಿಲ್ಲ. ಬಲು ದಿನಗಳಿಂದ ಕಾಣದ ನೆಂಟನು ಇದ್ದಕ್ಕಿದ್ದಂತೆ ಬಾಗಿಲಲ್ಲಿ ನಿಂತರೆ ಮಾತಿಗಿಂತ ಮೊದಲು ನಗು ಬರುವುದಿಲ್ಲವೆ, ಅಂಥ ನಗು. ತಾಯಿ ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಳು.

'ಮಗಾ, ಆಯೆ ನಮ್ಮ ಪಾತೆರ ಪಾತೆರುವೆ!'

ಅವನು ನಮ್ಮ ಮಾತು ಆಡುತ್ತಾನೆ ಎಂದು ಅವಳು ನನಗೆ ಹೇಳಿದಳು, ನನಗೆ ಅದು ತಿಳಿಯದೇನೋ ಎಂಬಂತೆ. ಅದಾದ ಮೇಲೆ ಒಂದೇ ಒಂದು ಸಲವೂ ಅವಳ ಮೊಣಕೈ ನನಗೆ ತಾಗಲಿಲ್ಲ. ಮೂರು ನಾಲ್ಕು ವರ್ಷ ಶ್ರದ್ಧೆಯಿಂದ ದುಡಿದ ಗುಮಾಸ್ತನನ್ನು ಒಂದು ಮಧ್ಯಾಹ್ನ ಹೇಳದೆ ಕೇಳದೆ ಕೆಲಸದಿಂದ ಬಿಡಿಸಿದಂತಾಯಿತು. ಮಾಡಲು ಕೆಲಸವಿಲ್ಲದೆ ನಾನು ಅತ್ತಿತ್ತ ನೋಡಿದೆ. ಪಿಸುಮಾತು ಎಲ್ಲಿಯೂ ಇರಲಿಲ್ಲ. ಅಜ್ಜಿಯಂದಿರು ಮೊಮ್ಮಕ್ಕಳನ್ನು ಮರೆತು ಪರದೆಯೊಡನೆಯೇ ಮಾತಿಗಿಳಿದಿದ್ದರು. 'ಹೋಗಬೇಡ ಮಗಳೇ' ಎಂದು ಒಬ್ಬಳು, 'ಅವನನ್ನು ನಂಬಬೇಡ' ಎಂದು ಇನ್ನೊಬ್ಬಳು. ಪಕ್ಕದಲ್ಲಿ ತಾಯಿ ಅಳುತ್ತಿದ್ದಳು. ಆ ಕಣ್ಣೀರಿನಲ್ಲಿ ನನ್ನ ಪಾಲು ಏನೂ ಇರಲಿಲ್ಲ.

ಮನೆಗೆ ಮರಳುವ ದಾರಿಯಲ್ಲಿ ನಡೆದದ್ದು ಇನ್ನೂ ದೊಡ್ಡದು. ತಾಯಿ ಚಿತ್ರವನ್ನು ಟೀಕಿಸತೊಡಗಿದಳು! ಇಂಥಲ್ಲಿ ಮಾತು ನಮ್ಮ ಕಡೆಯದಲ್ಲ, ಇಂಥಲ್ಲಿ ಅಳು ಸಾಲದು, ಇಂಥಲ್ಲಿ ಹಾಡು ಬೇಕಿರಲಿಲ್ಲ ಎಂದು ಮಾರ್ನಮಿಕಟ್ಟೆಯವರೆಗೂ ಹೆಂಗಸರೆಲ್ಲ ವಾದಿಸಿದರು. ಅಷ್ಟು ವರ್ಷ ಹಿಂದಿ, ತಮಿಳು ಚಿತ್ರಗಳನ್ನು ನೋಡಿ ಬಂದಾಗ 'ಲಾಯ್ಕುಂಡು', ಚೆನ್ನಾಗಿದೆ, ಎಂಬ ಒಂದೇ ಮಾತಲ್ಲದೆ ಎರಡನೆಯದು ಅವಳ ಬಾಯಿಂದ ಬಂದುದಿಲ್ಲ. ಅರ್ಥವಾಗದ್ದನ್ನು ಹೊಗಳುವುದಲ್ಲದೆ ಬೇರೇನು ಮಾಡಲಾದೀತು? ತಂದೆಯವರು ಮಾತ್ರ ಏನೂ ಹೇಳದೆ ಮುಂದೆ ಮುಂದೆ ನಡೆಯುತ್ತಿದ್ದರು. ಮಂಗಳಾದೇವಿಯ ಹತ್ತಿರ ಬಂದಾಗ ನಿಂತು, 'ಭಾಗವತರಿಲ್ಲದಿದ್ದರೂ ಪರವಾಗಿಲ್ಲ' ಎಂದರು. ಅವರು ಚಲಚ್ಚಿತ್ರಕ್ಕೆ ಕೊಟ್ಟ ಪ್ರಶಸ್ತಿ ಪತ್ರ ಅದೊಂದೇ.

ಆಮೇಲೆ ತುಳು ಚಿತ್ರಗಳು ಒಂದರ ಹಿಂದೊಂದು ಬಂದುವು. 1972ರಲ್ಲಿ ಕೆ. ಎನ್. ಟೇಲರರ 'ಬಿಸತ್ತಿ ಬಾಬು', 1973ರಲ್ಲಿ ವಿಶುಕುಮಾರರ 'ಕೋಟಿ ಚೆನ್ನಯ'. ಪಾಡ್ದನಗಳಲ್ಲಿ ಕೇಳಿದ ವೀರರು ಪರದೆಯ ಮೇಲೆ ಬಂದಾಗ ಚಪ್ಪಲಿ ಕಳಚಿಟ್ಟು ಕುಳಿತವರನ್ನು ನಾನು ಕಂಡಿದ್ದೇನೆ. ಮುಂದೆ ವರ್ಷಗಟ್ಟಲೆ ಬರವೂ ಬಂದಿತು. ಚಿಕ್ಕ ಸೀಮೆಯ ಭಾಷೆ. ಹಾಕಿದ ಹಣ ಹಿಂದಿರುಗಬೇಕಾದರೆ ಇರುವ ನಾಲ್ಕಾರು ಊರುಗಳ ಟಾಕೀಸುಗಳೇ ತುಂಬಬೇಕು. ನಾನು ಸಾಲದ ಅರ್ಜಿಗಳನ್ನು ನೋಡಿದವನಾದ್ದರಿಂದ ಹೇಳುತ್ತೇನೆ, ಅಂಥ ಲೆಕ್ಕಕ್ಕೆ ಯಾವ ಬ್ಯಾಂಕಿನವನೂ ಸುಲಭವಾಗಿ ಸಹಿ ಹಾಕಲಾರ. ಆದರೂ ತೆಗೆಯುವವರು ತೆಗೆದರು. ವಿಜಯಕುಮಾರ್ ಕೊಡಿಯಾಲಬೈಲರ ನಾಟಕ 2011ರಲ್ಲಿ 'ಒರಿಯರ್ದೊರಿ ಅಸಲ್' ಎಂಬ ಚಿತ್ರವಾಗಿ ಗೆದ್ದ ಮೇಲೆ ಬತ್ತಿದ ತೊರೆಗೆ ಮತ್ತೆ ನೀರು ಬಂದಿತು. 2014ರ 'ಚಾಲಿಪೋಲಿಲು' ವರ್ಷ ಕಳೆದರೂ ಪರದೆಯಿಂದ ಇಳಿಯಲಿಲ್ಲ. ಅದೇ 2011ರಲ್ಲಿ ಬ್ಯಾರಿ ಭಾಷೆಗೂ ತನ್ನ ಮೊದಲ ಚಿತ್ರ ದೊರೆತು, ಅದು ರಾಷ್ಟ್ರದ ಸ್ವರ್ಣಕಮಲವನ್ನು ಹಂಚಿಕೊಂಡಿತು. ನಮ್ಮ ಜಗಲಿಯ ಬ್ಯಾರಿ ಹೆಂಗಸರು ಅದನ್ನು ನೋಡಲು ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು!

ನಾನು ಆ ವೇಳೆಗೆ ಊರಿನಿಂದ ದೂರ. ಬ್ಯಾಂಕಿನ ವರ್ಗಾವಣೆಗಳು ನನ್ನನ್ನು ಎಲ್ಲೆಲ್ಲೋ ಸುತ್ತಿಸಿ ಕೊನೆಗೆ ಬೆಂಗಳೂರಿನಲ್ಲಿ ಇಳಿಸಿದುವು. ಟಾಕೀಸುಗಳ ಕಾಲವೂ ಇಳಿಯುತ್ತಿತ್ತು. ಮೊದಲು ದೂರದರ್ಶನ, ಆಮೇಲೆ ವಿಡಿಯೋ ಕ್ಯಾಸೆಟ್ಟು, ಆಮೇಲೆ ಮಾಲ್‌ಗಳೊಳಗಿನ ಪುಟ್ಟ ಪುಟ್ಟ ಪರದೆಗಳು. ಇದ್ದಿಲು ಕಡ್ಡಿ ಹೋಗಿ ದೀಪ ಬಂದಿತು. ಫಿಲ್ಮೇ ಹೋಗಿ ಗಣಕಯಂತ್ರದ ಪೆಟ್ಟಿಗೆ ಬಂದಿತು. ಬಲಮೂಲೆಯ ಚುಕ್ಕೆಯೂ ಹೋಯಿತು. 2020ರ ಮಾರ್ಚಿನಲ್ಲಿ ಕೊರೋನಾ ಬೇನೆಯಿಂದಾಗಿ ದೇಶದ ಟಾಕೀಸುಗಳೆಲ್ಲ ಬಾಗಿಲು ಹಾಕಿದುವು. ಎಷ್ಟೋ ಬಾಗಿಲುಗಳು ಆಮೇಲೆ ತೆರೆಯಲೇ ಇಲ್ಲ. ನೂರಾರು ಕುರ್ಚಿಗಳ ಒಂದೇ ಪರದೆ ಇಂದಿನ ಪೇಟೆಯ ನೆಲದ ಬೆಲೆಗೆ ತಾಳಲಾರದು. ಇದು ನಡೆಸುವವರ ಮೇಲೆ ಹೊರಿಸುವ ತಪ್ಪಲ್ಲ.

ಆ ಬೇನೆಯ ವರ್ಷ ತಾಯಿ ನಮ್ಮೊಡನೆ ಬೆಂಗಳೂರಿನಲ್ಲಿದ್ದಳು. ಬೋಳಾರದ ಮನೆಯನ್ನು ಬಿಟ್ಟು ಬರಲು ಒಪ್ಪದವಳನ್ನು, ನೋಡಿಕೊಳ್ಳುವವರಿಲ್ಲದ ಕಾರಣ ಒತ್ತಾಯದಿಂದ ಕರೆತಂದಿದ್ದೆ. ಎಂಬತ್ತು ದಾಟಿದ ಜೀವ; ಕಿವಿ ಚುರುಕು, ಕಾಲು ಮಾತ್ರ ಸೋತಿತ್ತು. ಮನೆಯೊಳಗೆ ಅವಳೊಡನೆ ತುಳು ಆಡುವವನು ನಾನೊಬ್ಬನೇ. ನನ್ನ ಹೆಂಡತಿ ಮೈಸೂರಿನವಳು, ಮಗ ಸೊಸೆ ಕನ್ನಡದವರು, ಏಳು ವರ್ಷದ ಮೊಮ್ಮಗಳು ಅರ್ಧ ಇಂಗ್ಲಿಷಿನವಳು. ಮಗು ಶಾಲೆಯಿಲ್ಲದೆ ದಿನವಿಡೀ ಮುತ್ತಜ್ಜಿಯ ಮಂಚದ ಸುತ್ತ ಓಡಾಡುವುದು, ಏನೋ ಹರಟುವುದು. ತಾಯಿ ನನ್ನನ್ನು ಕೂಗುವಳು: 'ಮಗಾ, ಆಳ್ ದಾದ ಪಂಡಳ್?' ಅವಳೇನೆಂದಳು ಎಂದು. ಸುಮಾರು ಐವತ್ತು ವರ್ಷದ ಹಿಂದೆ ಹೋಗಿದ್ದ ಕೆಲಸ ನನಗೆ ಮತ್ತೆ ಸಿಕ್ಕಿತು. ಈ ಸಲ ನನ್ನದೇ ಮನೆಯಲ್ಲಿ.

ಒಂದು ಸಂಜೆ ಕೈಫೋನಿನಲ್ಲಿ ತುಳು ಚಿತ್ರವೊಂದರ ಹಾಸ್ಯದ ತುಣುಕನ್ನು ತಾಯಿಗೆ ಹಾಕಿಕೊಟ್ಟೆ. ಅರವಿಂದ ಬೋಳಾರರು ಅದರಲ್ಲಿ ಇದ್ದರು. 'ನಮ್ಮ ಬೋಳಾರದವ' ಎಂದು ತಾಯಿ ಪರದೆಯನ್ನು ಮುಖದ ಹತ್ತಿರ ಹಿಡಿದಳು. ಬೆಟ್ಟದಷ್ಟು ದೊಡ್ಡ ಮುಖಗಳನ್ನು ನೋಡಿದವಳು, ಈಗ ಅಂಗೈಯಷ್ಟಗಲದ ಮುಖವನ್ನು ಕಣ್ಣು ಕಿರಿದಾಗಿಸಿ ನೋಡುತ್ತಿದ್ದಳು. ನೋಡನೋಡುತ್ತ ನಗತೊಡಗಿದಳು, ಕೆಮ್ಮು ಬರುವಷ್ಟು ನಕ್ಕಳು. ಮಗು ಆಟ ಬಿಟ್ಟು ಓಡಿಬಂದು ಮಂಚ ಹತ್ತಿ, ಇಣಿಕಿ ನೋಡಿ, ನನ್ನ ಅಂಗಿ ಹಿಡಿದೆಳೆಯಿತು.

'ಅಜ್ಜಾ, ಅವರು ಏನು ಹೇಳಿದರು?'

ನಾನು ಹೇಳಿದೆ. ಅದಕ್ಕೆ ನಗು ಬರಲಿಲ್ಲ. ಇನ್ನೊಂದು ಬಗೆಯಲ್ಲಿ ಹೇಳಿ ನೋಡಿದೆ, ಆಗಲೂ ಬರಲಿಲ್ಲ. ಅಷ್ಟರಲ್ಲಿ ತಾಯಿ ಕಣ್ಣೊರೆಸಿಕೊಂಡು, ಮಗುವನ್ನು ಮಡಿಲಿಗೆ ಎಳೆದುಕೊಂಡು, ಆ ಮಾತನ್ನು ತಾನೇ ತುಳುವಿನಲ್ಲಿ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿಕೊಡತೊಡಗಿದಳು. ಮಗು ಅವಳ ಬಾಯನ್ನೇ ನೋಡುತ್ತ ತಾನೂ ಹೇಳತೊಡಗಿತು.